ಮುಂದಿನ ಚಕ್ರದ ಬ್ರೇಕು

ಬಸ್ಸಿನ ಹಿಂದೆ ಬೈಕು ಓಡಿಸುವುದೆಂದರೆ ದುಡ್ಡಿಲ್ಲದೆ ಹೊಗೆ ಕುಡಿಯುವ ಕೆಲಸ. ಬುದ್ಧಿ ಇದ್ದವನು ಹಾರ್ನ್ ಹೊಡೆದು ಮುಂದೆ ಹೋಗುತ್ತಾನೆ, ಇಲ್ಲವೇ ಬಸ್ಸು ಮರೆಯಾಗುವ ತನಕ ನಿಂತು ಹೊರಡುತ್ತಾನೆ. ಕಟಿಂಗ್ ಮಾಸ್ತರ ಎರಡೂ ಮಾಡುತ್ತಿರಲಿಲ್ಲ. ಮೂರು ವರ್ಷಗಳಿಂದ ಪ್ರತಿ ಬೆಳಿಗ್ಗೆ ಎಂಟೂ ಕಾಲರ ಬಸ್ಸಿನ ಬಾಲ ಹಿಡಿದುಕೊಂಡೇ ಹೋಗುತ್ತಿದ್ದ. ಆ ಬಸ್ಸಿನಲ್ಲಿ ಅವನ ಹೆಂಡತಿ ಇರುತ್ತಿದ್ದಳು.

ಹೆಸರು ಕೇಳಿದವರು ಇವನನ್ನು ದರ್ಜಿಯೋ ಕ್ಷೌರದವನೋ ಅಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ಅವನದು. ಎರಡು ಮೊಳ ಉದ್ದದ ಬ್ಲೇಡು. ಎರಡೂ ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರಷ್ಟೇ ಕೆಳಗೆ ಇಳಿಯುತ್ತದೆ, ಬೆರಳು ಅಡಿಗೆ ಸಿಗದಿರಲಿ ಎಂದು. ಇಪ್ಪತ್ತೆರಡು ವರ್ಷವಾದರೂ ಅವನ ಹತ್ತು ಬೆರಳೂ ನೆಟ್ಟಗಿದ್ದವು. "ನನ್ನ ಕೈ ನನ್ನ ಮಾತು ಕೇಳುತ್ತೆ" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುವ ಚಾಳಿ ಬೇರೆ ಇತ್ತು.

ಗಂಡ ಹೆಂಡತಿ ಜಗಳವಾಡಿ ಬೇರೆಯಾದವರೇನಲ್ಲ. ಒಂದೇ ಮನೆ, ಒಂದೇ ಒಲೆ. ಒಂದೇ ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಒಟ್ಟಿಗೇ ಮೆಟ್ಟಿಲು ಇಳಿಯುತ್ತಿದ್ದರು. ಗೇಟು ದಾಟಿದ ಮೇಲೆ ಅವಳು ಬಸ್ ಸ್ಟಾಪಿನ ಕಡೆ, ಅವನು ಬೈಕಿನ ಕಡೆ. ಅವಳು ಆಸ್ಪತ್ರೆಗಳಿಗೆ ಹೊದಿಕೆ ಹೊಲಿಯುವ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಶೆಡ್ಡು ಪ್ರೆಸ್ಸಿನ ದಾರಿಯಲ್ಲೇ ಇತ್ತು. ಹನ್ನೆರಡು ವರ್ಷ ಆ ದಾರಿಯನ್ನು ಅವಳು ಅವನ ಬೈಕಿನ ಹಿಂದೆ ಕೂತೇ ಕಳೆದವಳು.

ಮೂರು ವರ್ಷದ ಕೆಳಗೆ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬೈಕು ಹೋಗಿ ಮುಂದೆ ನಿಂತಿದ್ದ ಲಾರಿಗೆ ಗುದ್ದಿತು. ಅವನಿಗೆ ಮೊಣಕಾಲು ತರಚಿತು, ಅಷ್ಟೇ. ಅವಳ ಎಡಗೈ ಮಣಿಕಟ್ಟು ಮುರಿಯಿತು. ಬ್ರೇಕು ಕೈಕೊಟ್ಟಿತು ಎಂದು ಅವನು ಡಾಕ್ಟರಿಗೆ ಹೇಳಿದ, ಅವಳ ತಮ್ಮನಿಗೆ ಹೇಳಿದ, ಪ್ರೆಸ್ಸಿನವರಿಗೆ ಹೇಳಿದ. ಅವಳಿಗೂ ಹೇಳಿದ. ಅವಳು ಹೂಂ ಅಂದಳು. ಬೈಯಲಿಲ್ಲ, ಅಳಲಿಲ್ಲ. ಕೈಯ ಕಟ್ಟು ಬಿಚ್ಚಿ ಕೆಲಸಕ್ಕೆ ಹೊರಟ ಮೊದಲ ದಿನ ಮಾತ್ರ, "ಬಸ್ಸೇ ಅನುಕೂಲ ರೀ, ಕೂತು ಒಂದು ಸಣ್ಣ ನಿದ್ದೆ ತೆಗೀಬಹುದು" ಅಂದಳು. ಬೈದಿದ್ದರೆ ಅವನು ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಅನುಕೂಲ ಅಂದವಳ ಜೊತೆ ಯಾರಿಗೆ ಜಗಳ ಕಾಯಲು ಆಗುತ್ತದೆ?

ಹಿಂದೆ ಕೂತಾಗ ಅವಳು ತನ್ನ ಬಲಗೈಯನ್ನು ಅವನ ಬಲಭುಜದ ಮೇಲೆ ಇಡುತ್ತಿದ್ದಳು. ದಾರಿಯುದ್ದಕ್ಕೂ ಮಾತು. ಯಾವ ಹೊಲಿಗೆಯವಳು ಯಾರ ದಾರ ಕದ್ದಳು, ಯಾರಿಗೆ ಎಷ್ಟನೇ ತಿಂಗಳು. ಅರ್ಧ ಮಾತು ಗಾಳಿ ತಿನ್ನುತ್ತಿತ್ತು. "ಬೆಳಿಗ್ಗೆ ಬೆಳಿಗ್ಗೆನೇ ರೇಡಿಯೋ" ಎಂದು ಅವನು ಗೊಣಗುತ್ತಿದ್ದ. ಈಗ ಗಾಳಿಯೊಂದೇ ಇತ್ತು. ಬಲಭುಜ ಬೆಳಿಗ್ಗೆ ಬರಿದಾಗಿ ತಣ್ಣಗಿರುತ್ತಿತ್ತು. ಐವತ್ತು ದಾಟಿದ ಗಂಡಸು ಯಾರಿಗೆ ಹೇಳಿಕೊಂಡಾನು, ಭುಜ ತಣ್ಣಗಿದೆ ಎಂದು?

ಒಂದು ದಿನ ಸಿಗ್ನಲ್‌ನಲ್ಲಿ ಅವನ ಬೈಕು ಬಸ್ಸಿನ ಪಕ್ಕದಲ್ಲೇ ನಿಂತಿತು. ತಲೆ ಎತ್ತಿದರೆ ಕಿಟಕಿಯಲ್ಲಿ ಅವಳು. ಪಕ್ಕದ ಸೀಟಿನ ಹೆಂಗಸು ಏನೋ ಹೇಳುತ್ತಿದ್ದಳು, ಇವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೆಳಗೆ ನೋಡಲಿಲ್ಲ. ಆ ನಗು ಒಂದು ಕಾಲದಲ್ಲಿ ಅವನ ಬಲಗಿವಿಯ ಹಿಂದೆ ಕೇಳುತ್ತಿತ್ತು. ದೀಪ ಹಸಿರಾಯಿತು, ಬಸ್ಸು ಹೋಯಿತು, ಹಿಂದಿನವರು ಅವನ ಅಪ್ಪ ಅಮ್ಮನನ್ನೆಲ್ಲ ನೆನೆಸಿ ಹಾರ್ನ್ ಹೊಡೆದರು. ಅವನು ಮಾತ್ರ ಕದಲಲಿಲ್ಲ. ಅಲ್ಲೇ ನಿಂತು ತೀರ್ಮಾನ ಮಾಡಿದ: ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಬೇಕು. ಕೂರು, ಇನ್ನು ಭಯವಿಲ್ಲ ಅಂತ ಅವಳನ್ನು ಕರೆಯಬೇಕು.

ಅವನ ಬೈಕಿನ ಮೆಕ್ಯಾನಿಕ್ಕಿಗೆ ಎಲ್ಲರೂ ಸೈಲೆನ್ಸರ್ ಅನ್ನುತ್ತಿದ್ದರು. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲವಾದ್ದರಿಂದ ಆ ಹೆಸರು.

"ಹದಿನಾರು ವರ್ಷದ ಗಾಡಿ ಮಾಸ್ತರೇ" ಅಂದ ಸೈಲೆನ್ಸರ್. "ಇದಕ್ಕೆ ಡಿಸ್ಕ್ ಹಾಕೋದೂ ಒಂದೇ, ಮುದುಕನಿಗೆ ಹಲ್ಲು ಕಟ್ಟಿಸೋದೂ ಒಂದೇ."

"ಮುದುಕ ಕಡೀಬೇಕು ಅಂತಿದಾನೆ. ಆಗುತ್ತೋ ಇಲ್ವೋ ಹೇಳು."

"ಆಗುತ್ತೆ. ಆದ್ರೆ ತಟ್ಟೆ ತಂದು ಅಂಟಿಸೋ ಕೆಲಸ ಅಲ್ಲ ಅದು. ಚಕ್ರ ಹಿಡಿಯೋ ಮುಂದಿನ ಫೋರ್ಕಿನ ಕಾಲು ಬೇರೆ ಬೇಕು, ಚಕ್ರನೇ ಬೇರೆ ಬೇಕು, ಹ್ಯಾಂಡಲ್ ಮೇಲೆ ಎಣ್ಣೆ ಬುಡ್ಡಿ ಬೇಕು. ಇದೇ ಗಾಡಿಯ ಹೊಸ ಮಾಡೆಲ್‌ದು ಗುಜರೀಲಿ ಸಿಕ್ಕಿದ್ರೆ ತನ್ನಿ."

ಮಾಸ್ತರ ಮೂರು ಭಾನುವಾರ ಗುಜರಿ ಅಂಗಡಿಗಳ ತುಕ್ಕಿನ ರಾಶಿಯಲ್ಲಿ ಕೈಯಾಡಿಸಿದ. ಮೂರನೆಯ ಭಾನುವಾರ ಎಲ್ಲವೂ ಸಿಕ್ಕಿತು. ಚಕ್ರವನ್ನು ಮನೆಗೆ ತಂದು ಹೆಂಡತಿಯ ಮುಂದೆ ನಿಲ್ಲಿಸಿದ. ಪಕ್ಕದಲ್ಲಿ ತೂತುತೂತಿನ ಉಕ್ಕಿನ ತಟ್ಟೆ ಹೊಳೆಯುತ್ತಿತ್ತು.

"ನೋಡು, ಇದು ಡಿಸ್ಕು. ಈ ತಟ್ಟೇನ ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುತ್ತೆ. ಹಳೇದರ ತರ ಕೈಕೊಡೋ ಮಾತೇ ಇಲ್ಲ."

ಅವಳು ತಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. "ನೆಲಕ್ಕೆ ಪೇಪರ್ ಹಾಸಿ ಇಡಿ, ಎಣ್ಣೆ ಆಗುತ್ತೆ" ಅಂದಳು.

ಮರುದಿನ ಸೈಲೆನ್ಸರ್ ಹಳೆಯ ಚಕ್ರ ಬಿಚ್ಚಿದ. ಹಳೆಯದು ಡ್ರಮ್ ಬ್ರೇಕು. ಚಕ್ರದ ಹೊಟ್ಟೆಯೊಳಗೆ ಶೂ ಅನ್ನುವ ಎರಡು ಅರ್ಧಚಂದ್ರದಂಥ ತುಂಡುಗಳಿರುತ್ತವೆ. ಅವು ಅಗಲಗೊಂಡು ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲಿಸಬೇಕು. ಮುಚ್ಚಳ ತೆಗೆದ ಸೈಲೆನ್ಸರ್ ಮಾತು ನಿಲ್ಲಿಸಿದ. ಅವನು ಸುಮ್ಮನಾದದ್ದನ್ನು ಕಂಡು ಪಕ್ಕದ ಪಂಕ್ಚರ್ ಅಂಗಡಿಯವನೂ ಎದ್ದು ಬಂದ.

"ಇದನ್ನ ಯಾವಾಗ ಬದಲಾಯಿಸಿದ್ರಿ?"

"ಯಾವತ್ತೂ ಇಲ್ಲ. ಕಂಪನಿಯಿಂದ ಬಂದದ್ದೇ."

"ಹದಿನಾರು ವರ್ಷಕ್ಕೆ ನಾಲ್ಕು ಜೊತೆ ಸವೀಬೇಕಿತ್ತು ಮಾಸ್ತರೇ. ಇದು ನೋಡಿ, ಅಂಗಡಿಯಿಂದ ಈಗ ತಂದ ಹಾಗಿದೆ. ಹಿಂದಿನ ಚಕ್ರದ್ದು ನಾನೇ ಆರು ಸಲ ಹಾಕಿದೀನಿ." ಅವನು ತಲೆ ಎತ್ತಿದ. "ನೀವು ಮುಂದಿನ ಬ್ರೇಕು ಹಿಡಿದೇ ಇಲ್ಲ."

"ಏನು ಮಾತಾಡ್ತೀಯ ನೀನು."

"ನಾನಲ್ಲ, ಶೂ ಮಾತಾಡ್ತಿದೆ. ಕೇಬಲ್ ನೋಡಿ, ಬಟ್ಟೆ ಒಣಹಾಕೋ ಹಗ್ಗ ಇದ್ದ ಹಾಗಿದೆ. ಇದನ್ನ ಸಡಿಲ ಮಾಡಿದ್ದು ಯಾರು?"

ಮಾಸ್ತರನಿಗೆ ಸಿಟ್ಟು ನೆತ್ತಿಗೇರಿತು. ಸ್ಪ್ಯಾನರ್ ತೆಗೆದುಕೊಂಡು ಇವನ ತಲೆಗೇ ಒಂದು ಕೊಡಲೇ ಅನ್ನಿಸಿತು. ಯಾಕೆಂದರೆ ಸಡಿಲ ಮಾಡಿದವನು ಮಾಸ್ತರನೇ. ಬೈಕು ಕೊಂಡ ಹೊಸದರಲ್ಲಿ ಓಡಿಸಲು ಕಲಿಸಿದ ಸೋದರಮಾವ ಒಂದೇ ಪಾಠ ಹೇಳಿದ್ದ: ಮುಂದಿನ ಬ್ರೇಕು ಮುಟ್ಟಿದರೆ ಪಲ್ಟಿ, ಹಲ್ಲು ರಸ್ತೆ ಮೇಲೆ. ಅಪ್ಪಿತಪ್ಪಿ ಬಲಗೈ ಅದರ ಲಿವರಿಗೆ ಹೋದರೂ ಬ್ರೇಕು ಹಿಡಿಯದಿರಲಿ ಎಂದು ಆ ದಿನವೇ ಕೇಬಲ್ ಸಡಿಲಿಸಿದ್ದ. ಹದಿನಾರು ವರ್ಷ ಹಿಂದಿನ ಚಕ್ರದ ಕಾಲು ಬ್ರೇಕೊಂದರಲ್ಲೇ ಓಡಿಸಿದ್ದ. ಆ ಇಳಿಜಾರಿನಲ್ಲಿ, ಲಾರಿ ದೊಡ್ಡದಾಗುತ್ತ ಬಂದಾಗ, ಹಿಂದಿನ ಚಕ್ರ ತಿರುಗದೆ ಕಟ್ಟಿಕೊಂಡು ಜಾರುತ್ತಿದ್ದಾಗ, ಅವನ ಮಾತು ಕೇಳುವ ಆ ಬಲಗೈ ಆಕ್ಸಿಲರೇಟರ್ ಹಿಡಿದುಕೊಂಡು ತೆಪ್ಪಗೆ ಕೂತಿತ್ತು.

ಬ್ರೇಕು ಕೈಕೊಟ್ಟಿರಲಿಲ್ಲ.

"ಕೇಬಲ್ ಬಿಗಿ ಮಾಡಿದ್ರೆ ಹಳೇದೇ ಸಾಕು" ಅಂದ ಸೈಲೆನ್ಸರ್, ಈ ಸಲ ಮೆತ್ತಗೆ. "ಡಿಸ್ಕ್ ಹಾಕಿದ್ರೂ ಹಿಡಿಯೋ ಕೈ ನಿಮ್ಮದೇ ತಾನೇ?"

"ಹಾಕು ಅಂದ್ರೆ ಹಾಕು."

ಹಾಕಿದ. ಫೋರ್ಕು ಕೂತಿತು, ಚಕ್ರ ಕೂತಿತು, ಕಪ್ಪು ಪೈಪು ಹ್ಯಾಂಡಲ್‌ನಿಂದ ಕೆಳಗಿಳಿಯಿತು. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ಹೊರಗೆ ಹಾಕಲು ಇಬ್ಬರು ಬೇಕು: ಒಬ್ಬ ಮೇಲೆ ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ತಿರುಪು ಸಡಿಲಿಸಿ ಗುಳ್ಳೆ ಬಿಡಬೇಕು. ಸೈಲೆನ್ಸರ್ ನೆಲದ ಮೇಲೆ ಕೂತು ಕೆಳಗಿಂದ ಮೇಲಕ್ಕೆ ಆಜ್ಞೆ ಕೊಟ್ಟ.

"ಹಿಡೀರಿ. ಹಿಡಿದೇ ಇರಿ. ಹಾಂ, ಈಗ ಬಿಡಿ. ಹಿಡೀರಿ. ಅಯ್ಯೋ, ನಾನು ಹೇಳೋ ತನಕ ಬಿಡಬೇಡಿ ಮಾರಾಯ್ರೇ. ಹಿಡೀರಿ."

ಮಾಸ್ತರ ಹಿಡಿದ, ಬಿಟ್ಟ, ಹಿಡಿದ. ಲಿವರ್ ಮೊದಮೊದಲು ಬೆಣ್ಣೆಯಂತೆ ಒಳಗೆ ಹೋಗುತ್ತಿತ್ತು; ಬರಬರುತ್ತ ಗಟ್ಟಿಯಾಯಿತು. ಹಿಡಿದಾಗೆಲ್ಲ ಮುಂಗೈ ಬಿಗಿದು ಆ ಬಿಗಿ ತೋಳು ಹತ್ತಿ ಭುಜಕ್ಕೆ ಮುಟ್ಟುವುದು ಅವನಿಗೆ ಗೊತ್ತಾಗುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಭುಜ ನೋಯುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಬೀಗ ಹಾಕುವಷ್ಟರಲ್ಲಿ ಬೈಕನ್ನು ಗೇಟಿನ ಮುಂದೆ ತಂದು ನಿಲ್ಲಿಸಿದ. ಹಿಂದಿನ ಸೀಟು ಒರೆಸಿದ್ದ. ಅವಳು ತಟ್ಟೆ, ಪೈಪು, ಎಲ್ಲ ನೋಡಿ, "ಚೆನ್ನಾಗಿದೆ" ಅಂದು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ತಿರುಗಿದಳು.

"ಏಯ್, ನಿಲ್ಲು. ಮೂರು ವಾರ ಗುಜರಿ ಅಲೆದಿದೀನಿ. ಚೆನ್ನಾಗಿದೆ ಅಂತೆ. ಇನ್ನೇನು ಮಾಡ್ಬೇಕು ನಾನು?"

"ನಾನು ಏನಾದ್ರೂ ಮಾಡಿ ಅಂದ್ನಾ?"

ಅವಳು ನಾಲ್ಕು ಹೆಜ್ಜೆ ಹೋಗಿದ್ದಳು. ಬೆನ್ನು ನೋಡುತ್ತ ಹೇಳುವುದೇ ಅವನಿಗೆ ಸುಲಭವಾಯಿತೇನೋ.

"ಅವತ್ತು ಬ್ರೇಕು ಕೈಕೊಡಲಿಲ್ಲ. ನಾನು ಹಿಡೀಲಿಲ್ಲ."

ಅವಳು ನಿಂತಳು. ತಿರುಗಿ ಬಂದಳು. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಗೊತ್ತು" ಅಂದಳು.

"ಏನು ಗೊತ್ತು?"

"ನನ್ನ ಕೈ ನಿಮ್ಮ ಭುಜದ ಮೇಲಿತ್ತಲ್ಲ. ಕೈ ಬ್ರೇಕು ಒತ್ತಿದ್ರೆ ಭುಜ ಬಿಗೀಬೇಕು. ಬಿಗೀಲೇ ಇಲ್ಲ. ಲಾರಿ ಹತ್ರ ಬರ್ತಾ ಇದೆ, ನಿಮ್ಮ ಭುಜ ತಲೆದಿಂಬಿನ ತರ ಮೆತ್ತಗಿದೆ. ಅದನ್ನೇ ನೋಡ್ತಾ ಬಿದ್ದೆ ನಾನು."

"ಮೂರು ವರ್ಷ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರ ಅಂತಿದ್ದೆ. ಊರಿಗೆಲ್ಲ ಬ್ರೇಕಿನ ಕಥೆ ಹೇಳಿಕೊಳ್ಳಿ, ಬೇಡ ಅನ್ನಲ್ಲ. ಬಿದ್ದವಳಿಗೂ ಅದನ್ನೇ ಹೇಳಿದ್ರಲ್ಲ." ಅವಳ ದನಿ ಮೊದಲ ಬಾರಿಗೆ ಏರಿತು, ತಕ್ಷಣ ಇಳಿಯಿತು. "ಬ್ರೇಕು ಕೆಟ್ಟಿತ್ತು ಅಂತಾದ್ರೆ ನಾನು ಯಾವತ್ತೋ ಹತ್ತಿ ಕೂರ್ತಿದ್ದೆ ರೀ. ಕೆಟ್ಟದ್ದು ರಿಪೇರಿ ಆಗುತ್ತೆ."

"ಈಗ ಹೇಳಿದೀನಲ್ಲ. ಕೂರು."

"ಹೇಳಿದ್ದು ಬಾಯಿ. ಕೈ ಇನ್ನೂ ಏನೂ ಹೇಳಿಲ್ಲ" ಅಂದವಳೇ ಹೊರಟುಹೋದಳು. ಬಸ್ಸು ತಪ್ಪಬಾರದಲ್ಲ.

ಊರ ಹೊರಗೆ ಮುಚ್ಚಿಹೋದ ಒಂದು ಮರದ ಡಿಪೋ ಇತ್ತು. ಅದರ ಖಾಲಿ ಅಂಗಳದಲ್ಲಿ ಮಾಸ್ತರ ದಿನಾ ಕೆಲಸದಿಂದ ಬರುವಾಗ ಅರ್ಧ ಗಂಟೆ ಬೈಕು ಓಡಿಸಿದ. ವೇಗ ಹೆಚ್ಚಿಸುವುದು, ಹಿಡಿಯುವುದು, ಹೆಚ್ಚಿಸುವುದು, ಹಿಡಿಯುವುದು. ಮೊದಲ ದಿನ ಜೋರಾಗಿ ಹಿಡಿದು ಮುಂದಿನ ಚಕ್ರ ಜಾರಿ ನೆಲಕ್ಕೆ ಬಿದ್ದು, ಸತ್ತುಹೋದ ಸೋದರಮಾವನಿಗೆ ಕೇಳುವಂತೆ ಬೈದ. ಒಂದೇ ಸಲ ಹಿಂಡಬಾರದು, ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ ಶುರುಮಾಡಿ ಗಟ್ಟಿಯಾಗಿ ಮುಗಿಸಬೇಕು ಎಂದು ಸೈಲೆನ್ಸರ್ ಹೇಳಿಕೊಟ್ಟ. ಹಾಗೆ ಮಾಡಿದರೂ, ಮೈಮರೆತಾಗೆಲ್ಲ ಕಾಲೇ ಮೊದಲು ಹೋಗುತ್ತಿತ್ತು. ಹದಿನಾರು ವರ್ಷದ ರೂಢಿ ಬಾಡಿಗೆದಾರನಂತೆ, ಹೋಗು ಅಂದರೆ ಹೋಗುವುದಿಲ್ಲ. ಬೇಕೆಂದೇ ನಿಲ್ಲಿಸುವುದಕ್ಕೂ ನಿಲ್ಲಿಸಲೇಬೇಕಾದಾಗ ನಿಲ್ಲಿಸುವುದಕ್ಕೂ ಇರುವ ಅಂತರ ಅವನಿಗೆ ತಿಳಿಯುತ್ತಿತ್ತು. ಅವಳು ಏನೂ ಕೇಳುತ್ತಿರಲಿಲ್ಲ. ಮೊಣಕೈ ತರಚಿದ್ದಕ್ಕೆ ಮಾತ್ರ ಒಂದು ದಿನ ಔಷಧಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಿದ್ದಳು.

ಐದನೆಯ ವಾರದ ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ, ಡಿಪೋಗೆ ಹೋಗುತ್ತೇನೆಂದು ಹೇಳಿ ಹೊರಟಿದ್ದ. ಅಂಗಳದ ಆ ತುದಿಯಿಂದ ತಿರುಗಿಸಿಕೊಂಡು ವೇಗದಲ್ಲಿ ಬರುತ್ತಿದ್ದಾನೆ, ಮುರಿದ ಶೆಡ್ಡಿನ ಕಂಬದ ಮರೆಯಿಂದ ಏನೋ ಹಾರಿ ಬಂದು ಚಕ್ರದ ಮುಂದೆ ಬಿತ್ತು. ಏನೆಂದು ನೋಡಲು ಪುರುಸೊತ್ತಿರಲಿಲ್ಲ. ಬೈಕು ಮೂಗು ತಗ್ಗಿಸಿ ನಿಂತಿತು. ಚಕ್ರಕ್ಕೂ ಬಟ್ಟೆಯ ಚೀಲಕ್ಕೂ ಗೇಣಿನ ಅಂತರ. ಅವನು ತನ್ನ ಬಲಗೈ ನೋಡಿಕೊಂಡ. ನಾಲ್ಕೂ ಬೆರಳು ಲಿವರ್ ಮೇಲಿದ್ದವು, ಬಿಳಿಚಿಕೊಂಡು.

ಕಂಬದ ಮರೆಯಿಂದ ಹೆಂಡತಿ ಬಂದಳು. ಚೀಲ ಎತ್ತಿ ಧೂಳು ಕೊಡವಿದಳು.

"ತಲೆ ಕೆಟ್ಟಿದೆಯಾ ನಿನಗೆ? ನಾನು ಬಿದ್ದಿದ್ರೆ?"

"ತಿಂಡಿ ಡಬ್ಬಿ ಇದೆ ಇದರಲ್ಲಿ. ಹೇಳಿ ಎಸೆದ್ರೆ ನೀವು ಹೇಗೂ ಬ್ರೇಕು ಹಿಡೀತಿದ್ರಿ."

"ಡಬ್ಬಿ ಅಪ್ಪಚ್ಚಿ ಆಗಿದ್ರೆ?"

"ಉಪವಾಸ ಇರ್ತಿದ್ರಿ, ನಾನು ಬಸ್ಸಲ್ಲಿ ಮನೆಗೆ ಹೋಗ್ತಿದ್ದೆ."

ಅವನು ತಿಂದು ಮುಗಿಸುವ ತನಕ ಅವಳು ಮರದ ದಿಮ್ಮಿಯ ಮೇಲೆ ಕೂತಿದ್ದಳು. ಆಮೇಲೆ ಡಬ್ಬಿ ಚೀಲಕ್ಕೆ ಹಾಕಿ, ಬಂದು ಹಿಂದಿನ ಸೀಟಿನಲ್ಲಿ ಕೂತಳು. ಬೈಕಿನ ಹಿಂಬದಿ ಕೊಂಚ ತಗ್ಗಿತು. ಆ ತಗ್ಗನ್ನು ಅವನು ಸೊಂಟದಿಂದ ಅಳೆದ. ಮೊದಲಿಗಿಂತ ತುಸು ಹೆಚ್ಚೇ ಇತ್ತು, ಹೇಳುವಷ್ಟು ದಡ್ಡನಾಗಲಿಲ್ಲ.

ಹೊರಟ. ಭುಜದ ಮೇಲೆ ಕೈ ಬರಲಿಲ್ಲ. ಓರೆಗಣ್ಣಲ್ಲಿ ಕನ್ನಡಿ ನೋಡಿದ: ಅವಳು ಬಲಗೈಯಿಂದ ಸೀಟಿನ ಹಿಂದಿನ ಕಂಬಿ ಹಿಡಿದು ರಸ್ತೆ ನೋಡುತ್ತಿದ್ದಳು. ಮಾತೂ ಇಲ್ಲ. ಕೇಳಬಹುದಿತ್ತು, ಕೇಳಿ ಇಡಿಸಿಕೊಂಡ ಕೈ ಕೈಯೇ? ಮೆಲ್ಲಗೆ, ತೀರ ಮೆಲ್ಲಗೆ ಓಡಿಸಿದ.

ಮೊದಲ ಅಡ್ಡರಸ್ತೆಯಲ್ಲಿ ಒಬ್ಬ ಸೈಕಲ್ಲಿನವನು ಹಿಂದೆ ಮುಂದೆ ನೋಡದೆ ನುಗ್ಗಿದ. ಮಾಸ್ತರನ ಬಲಗೈ ಬಿಗಿಯಿತು, ಬೈಕು ನಿಂತಿತು, ಆ ತಡೆಗೆ ಅವಳು ಮುಂದಕ್ಕೆ ವಾಲಿ ಅವನ ಬಲಭುಜ ಹಿಡಿದುಕೊಂಡಳು. ಐದೂ ಬೆರಳು. ಒಂದೆರಡು ಉಸಿರಿನಷ್ಟು ಹೊತ್ತು ಅಂಗೈ ಅಲ್ಲೇ ಇದ್ದು, ಬಿಗಿದ ಭುಜದ ಮೇಲೆ ಒಮ್ಮೆ ಒತ್ತಿ ನೋಡಿ, ಮತ್ತೆ ಕಂಬಿಗೆ ಹೋಯಿತು.

ಬೇರೆ ದಿನವಾಗಿದ್ದರೆ ಆ ಸೈಕಲ್ಲಿನವನ ಏಳು ತಲೆಮಾರನ್ನು ಮಾಸ್ತರ ಬೀದಿಗೆಳೆಯುತ್ತಿದ್ದ. ಇವತ್ತು ಅವನಿಗೆ ದಾರಿ ಬಿಟ್ಟ. ಮನೆಗೆ ಇನ್ನು ಒಂಬತ್ತು ಅಡ್ಡರಸ್ತೆಗಳಿದ್ದವು. ಒಂದೊಂದರಲ್ಲೂ ಒಬ್ಬೊಬ್ಬ ಕಣ್ಣು ಕಾಣದವನು ಸೈಕಲ್ ತಂದು ನುಗ್ಗಿಸಲಿ ಎಂದು ಬೇಡಿಕೊಳ್ಳುತ್ತ, ಬೆರಳುಗಳನ್ನು ಲಿವರ್ ಮೇಲಿಟ್ಟುಕೊಂಡು ಮುಂದೆ ಹೊರಟ.