ಅಜ್ಜಿ ರುಚಿ ನೋಡದ ದಿನ

"ಇದನ್ನ ಇಟ್ಕೋ. ಎಲ್ಲಾದ್ರೂ ಬೀಳಿಸ್ಕೊಂಡು ಬಂದೀಯ ಮತ್ತೆ," ಎಂದು ಅಕ್ಕ ಕಿವಿಯ ಓಲೆಗಳನ್ನು ಬಿಚ್ಚಿ ತಮ್ಮನ ಅಂಗೈಗೆ ಹಾಕಿದಳು. ಆಪರೇಷನ್ನಿಗೆ ಇನ್ನೆರಡು ಗಂಟೆಯಿತ್ತು. ಹಸಿರು ಗೌನು ತೊಟ್ಟು, ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು ಕೂತಿದ್ದಳು.

"ಹೇಗ್ ಕಾಣ್ತಿದೀನಿ?"

"ಎಲೆಕೋಸಿನ ಥರ."

ಅಕ್ಕ ನಕ್ಕಳು. ನಕ್ಕದ್ದಕ್ಕೇ ಉಸಿರು ಸಾಲದೆ ದಿಂಬಿಗೆ ಒರಗಿದಳು. ಅವಳ ಹೃದಯದ ಒಂದು ಕವಾಟ ಗಡುಸಾಗಿ, ತೆರೆದುಕೊಳ್ಳಲು ದಿನದಿನಕ್ಕೂ ಹೆಣಗುತ್ತಿತ್ತು. ಬದಲಾಯಿಸದಿದ್ದರೆ ಯಾವ ಗಳಿಗೆಯಲ್ಲಾದರೂ ಕೈಕೊಡಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ತಮ್ಮ ಅದೇ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹದಿನಾಲ್ಕು ವರ್ಷದಲ್ಲಿ ಒಟ್ಟಿಗೆ ಒಂದು ವಾರ ರಜೆ ಹಾಕಿದ್ದು ಇದೇ ಮೊದಲು, ಇವತ್ತು ಅದರ ಮೊದಲ ದಿನ. ಅಮ್ಮ ತೀರಿಕೊಂಡಾಗ ಅವನಿಗೆ ಆರು, ಅಕ್ಕನಿಗೆ ಹದಿನೇಳು. ಅಲ್ಲಿಂದಾಚೆಗೆ ಅವನಿಗೆ ಜ್ವರ ಬಂದಾಗಲೆಲ್ಲ ಪಕ್ಕದಲ್ಲಿ ಕೂತವಳು ಅವಳೇ. ಈ ಸಲ ತಾನು ಕೂರಬೇಕು, ಯಾರೂ ಕರೆಯಕೂಡದು ಎಂದು ಎಲ್ಲ ವ್ಯವಸ್ಥೆ ಮಾಡಿಯೇ ಬಂದಿದ್ದ.

"ಅಯ್ಯೋ, ಇದೇನಿದು? ಪರದೆಯೆಲ್ಲ ನೀಲಿ!" ವಾರ್ಡಿನ ಮೇಜಿನಿಂದ ನರ್ಸ್ ಕೂಗಿದಳು. ಅವನು ಏಳುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಸಾರ್, ರಜೇಲಿದೀರ ಅಂತ ಗೊತ್ತು. ಆದ್ರೆ ಎಲ್ಲಾ ಮಲಗಿಬಿಟ್ಟಿವೆ, ಒಂದೂ ಏಳ್ತಿಲ್ಲ," ಎಂದ ಸಹೋದ್ಯೋಗಿ. "ನಮ್ದೊಂದೇ ಅಲ್ವಂತೆ. ವಿಮಾನ ನಿಂತಿದೆ, ಬ್ಯಾಂಕ್ ನಿಂತಿದೆ. ಸೆಕ್ಯೂರಿಟಿ ಸಾಫ್ಟ್‌ವೇರಿನವರು ಇವತ್ತು ಬೆಳಿಗ್ಗೆ ಕಳಿಸಿದ ಅಪ್‌ಡೇಟೇ ಕೆಟ್ಟದ್ದಂತೆ. ಆಗಲೇ ವಾಪಸ್ ತಗೊಂಡಿದಾರೆ, ಆದ್ರೆ ನಮ್ಮಲ್ಲಿ ಹೊಕ್ಕಾಗಿದೆ. ಅಲ್ಲ ಸಾರ್, ಅಜ್ಜಿ ರುಚಿ ನೋಡಿರ್ಲಿಲ್ವಾ?"

ಅವನು ಕರೆ ಕತ್ತರಿಸಿದ.

ಅಜ್ಜಿ ಎಂದರೆ ನೆಲಮಾಳಿಗೆಯ ಅವರ ಕೋಣೆಯಲ್ಲಿದ್ದ ಹಳೇ ಕಂಪ್ಯೂಟರು. ಮೈ ಹಳದಿಗಟ್ಟಿತ್ತು, ಫ್ಯಾನು ತಿರುಗುವಾಗ ಕೆಮ್ಮುತ್ತಿತ್ತು. ಯಾವ ಅಪ್‌ಡೇಟ್ ಬಂದರೂ ಮೊದಲು ಅಜ್ಜಿಗೊಬ್ಬಳಿಗೆ ಹಾಕಿ, ಒಂದು ಹಗಲು ಒಂದು ರಾತ್ರಿ ಕಾದು, ಅವಳಿಗೇನೂ ಆಗದಿದ್ದರೆ ಉಳಿದ ನಾನೂರಕ್ಕೆ ಬಿಡುವುದು ಅವನೇ ಮಾಡಿದ ಪದ್ಧತಿ. ದಿನಾ ಬೆಳಿಗ್ಗೆ ಅಜ್ಜಿಯ ಕ್ಷೇಮ ವಿಚಾರಿಸಿ ಒಪ್ಪಿಗೆಯ ಗುಂಡಿ ಒತ್ತಬೇಕಾದವನೂ ಅವನೇ. ರಜೆಯಲ್ಲಿ ಇದಕ್ಕೊಂದು ಕರೆ ಬರುವುದು ಬೇಡವೆಂದು ಹೋದ ವಾರ ಅಜ್ಜಿಯ ವೈರು ಕಿತ್ತಿಟ್ಟು, "ಬಂದ ಕೂಡಲೇ ಎಲ್ಲಕ್ಕೂ" ಎಂಬಲ್ಲಿ ಗುರುತು ಹಾಕಿದ್ದ. ಒಂದು ವಾರದ ಮಟ್ಟಿಗೆ ತಾನೆ, ಯಾರಿಗೆ ಹೇಳುವುದೇನಿದೆ ಎಂದುಕೊಂಡಿದ್ದ.

"ಹೋಗೋ, ಕರೀತಿದಾರೆ," ಎಂದಳು ಅಕ್ಕ. "ನಾನೇನ್ ಓಡಿಹೋಗ್ತೀನಾ?"

ಮೆಟ್ಟಿಲ ಬಳಿ ಸರ್ಜನ್ ಎದುರಾದರು. ಬೇರೆ ಊರಿನಿಂದ ಬಂದು ಹೋಗುವವರು. "ಸ್ಕ್ಯಾನ್ ನೋಡ್ದೆ, ರಕ್ತ ಹೊಂದಿಸ್ದೆ ನಾನು ಎದೆ ತೆರೆಯೋಕಾಗಲ್ಲ. ಮಧ್ಯಾಹ್ನ ಎರಡು ಗಂಟೆವರೆಗೆ ಕಾಯ್ತೀನಿ. ಆಮೇಲೆ ಶುರು ಮಾಡಿದ್ರೆ ಇವತ್ತು ಮುಗಿಯಲ್ಲ," ಎಂದರು.

ಒಂದೊಂದು ಯಂತ್ರದ ಮುಂದೆಯೂ ಕೂತು, ನಲವತ್ತೆಂಟು ಅಂಕಿಗಳ ಬೀಗದ ಸಂಖ್ಯೆ ಹೊಡೆದು, ಒಂದು ಕಡತವನ್ನು ಹುಡುಕಿ ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಒಂದಕ್ಕೆ ಕಾಲು ಗಂಟೆ. ಇದ್ದವರು ಮೂವರು. ಅವನು ಮೊದಲು ತುರ್ತು ಚಿಕಿತ್ಸೆಗೆ ಹೋದ, ಅಲ್ಲಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಆಮೇಲೆ ಹಸುಗೂಸುಗಳ ಘಟಕ. ನೇರ ಸ್ಕ್ಯಾನ್ ಕೋಣೆಗೆ ಹೋಗಿಬಿಡಬೇಕೆಂದು ಜೀವ ಎಳೆಯುತ್ತಿತ್ತು. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಅಂಗೈಯಷ್ಟಗಲದ ಕೂಸುಗಳನ್ನು ನೋಡಿದ ಮೇಲೆ ಕಾಲು ಏಳಲಿಲ್ಲ. ರಕ್ತನಿಧಿ ಸರಿಹೋದಾಗ ಒಂದೂ ಮುಕ್ಕಾಲು. ಸ್ಕ್ಯಾನ್ ಕೋಣೆಯಲ್ಲಿ ಅವಸರದಲ್ಲಿ ಮೂವತ್ತನೆಯದೋ ಮೂವತ್ತೊಂದನೆಯದೋ ಅಂಕಿ ತಪ್ಪಿತು. ಮತ್ತೆ ಮೊದಲಿಂದ. ಇನ್ನೊಮ್ಮೆ ತಪ್ಪಿತು. ಚಿತ್ರ ಮೂಡಿದಾಗ ಎರಡೂವರೆಯಾಗಿತ್ತು, ಸರ್ಜನ್ ಬಟ್ಟೆ ಬದಲಾಯಿಸಿಯಾಗಿತ್ತು.

"ನಾಡಿದ್ದು ಬರ್ತೀನಿ. ಮೊದಲನೇದು ಇವರದೇ," ಎಂದು ಅವನ ಭುಜ ತಟ್ಟಿ ಹೋದರು.

ನಾಲ್ಕಕ್ಕೆ ಅವನು ವಾರ್ಡಿಗೆ ಬಂದಾಗ ಅಕ್ಕ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದಳು. ನಿನ್ನೆ ರಾತ್ರಿಯಿಂದ ಉಪವಾಸವಿದ್ದವಳು. ಹೇಳಿಬಿಡಬೇಕು ಎಂದು ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

"ಅಕ್ಕಾ, ಇವತ್ತು ಹೀಗಾಯ್ತಲ್ಲ..."

"ಹೂಂ, ನರ್ಸ್ ಹೇಳಿದ್ರು. ಯಾರೋ ಎಲ್ಲೋ ಕೂತು ತಪ್ಪು ಮಾಡಿದ್ರಂತೆ. ಪಾಪ, ಅವನು ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೋಡು." ತಟ್ಟೆಯನ್ನು ಅವನತ್ತ ಸರಿಸಿದಳು. "ನೀನಾದ್ರೂ ತಿನ್ನು. ಮುಖ ನೋಡು, ಹೇಗ್ ಬಾಡಿದೆ."

ಅವನು ತಿಂದ. ಉಳಿದ ಹಾಲನ್ನೂ ಕುಡಿದ. ಆಪರೇಷನ್ ಮುಗಿದು ಅವಳು ಎದ್ದು ಕೂತ ಮೇಲೆ ಹೇಳಿದರಾಯಿತು, ಆಗ ಬೇಕಾದಷ್ಟು ಬೈಯಲಿ ಎಂದುಕೊಂಡ. ಓಲೆಗಳನ್ನು ಕೊಡಹೋದರೆ, "ಇರ್ಲಿ ಬಿಡು, ನಾಡಿದ್ದು ಮತ್ತೆ ಬಿಚ್ಚಬೇಕು," ಎಂದಳು.

ವಾರ್ಡುಗಳ ಕೆಲಸ ಇನ್ನೂ ಬಾಕಿಯಿತ್ತು. ತನ್ನವರಿಗೆ ಮೊದಲು ಮಾಡಿಕೊಂಡ ಅನ್ನಿಸಿಕೊಳ್ಳಬಾರದೆಂದು ಅಕ್ಕನಿದ್ದ ಮೂರನೇ ಮಹಡಿಯನ್ನು ಅವನು ಕೊನೆಗಿಟ್ಟ.

ಮರುದಿನ ಬೆಳಿಗ್ಗೆ ಆರೂವರೆಗೆ ಅಕ್ಕ ಮುಖ ತೊಳೆದು ಬಂದು ಮಂಚದ ಮೇಲೆ ಕೂತಳು. ಟವೆಲು ಕೈಯಲ್ಲಿದ್ದ ಹಾಗೇ ಪಕ್ಕಕ್ಕೆ ವಾಲಿದಳು. ಡಾಕ್ಟರು ಓಡಿ ಬಂದರು, ಅರ್ಧ ಗಂಟೆ ಎದೆ ಒತ್ತಿದರು, ಅವಳು ಏಳಲಿಲ್ಲ. ಅವನು ಆಗ ಒಂದು ಮಹಡಿ ಕೆಳಗೆ, ಕೀಬೋರ್ಡಿನ ಮುಂದೆ ಇದ್ದ. ಹಾಕಿದ ಒಂದು ವಾರದ ರಜೆಯಲ್ಲಿ ಅವನು ಅಕ್ಕನ ಪಕ್ಕದಲ್ಲಿ ಕೂತದ್ದು ಎಲ್ಲ ಸೇರಿ ಒಂದೂವರೆ ಗಂಟೆ.

ಒಂಬತ್ತರ ಹೊತ್ತಿಗೆ ನರ್ಸ್ ಅವನ ಬಳಿ ಬಂದು ನಿಂತಳು. ಅತ್ತು ಅವಳ ಕಣ್ಣೂ ಕೆಂಪಾಗಿತ್ತು. "ತಪ್ಪು ತಿಳ್ಕೋಬೇಡಿ ಸಾರ್. ಅಕ್ಕನ್ನ ಕರ್ಕೊಂಡು ಹೋಗೋಕೆ ಕಾಗದ ಬೇಕು. ನಮ್ಮ ಮಷೀನು ಇನ್ನೂ ಎದ್ದಿಲ್ಲ. ಬೇರೆ ಯಾರನ್ನಾದ್ರೂ ಕರೀಲಾ?"

"ಬೇಡ. ನಾನೇ ಮಾಡ್ತೀನಿ."

ಅವನು ಅವಳ ಕುರ್ಚಿಯಲ್ಲಿ ಕೂತ. ಅವಳು ಹಾಳೆ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದಳು, ಅವನು ಒಂದೊಂದಾಗಿ ಹೊಡೆದ. ನಲವತ್ತೆಂಟರಲ್ಲಿ ಒಂದೂ ತಪ್ಪಲಿಲ್ಲ. ನೀಲಿ ಹೋಯಿತು, ಕಪ್ಪಾಯಿತು, ಆಮೇಲೆ ಬೆಳಕು ಬಂತು. ನಿನ್ನೆ ಎಂಟು ಗಂಟೆಗೆ ನಿಂತಲ್ಲೇ ನಿಂತಿದ್ದ ಆಪರೇಷನ್ನುಗಳ ಪಟ್ಟಿ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲೆ ಅಕ್ಕನ ಹೆಸರಿತ್ತು. ಹಾಸಿಗೆ ಹನ್ನೆರಡು. ಹತ್ತು ಗಂಟೆ. ರೋಗಿ ಸಿದ್ಧ.

ನರ್ಸ್ ಗಾಬರಿಯಿಂದ ಆ ಸಾಲನ್ನು ಅಳಿಸಲು ಕೈಚಾಚಿದಳು.

"ಒಂದ್ ನಿಮಿಷ ಇರ್ಲಿ ಸಿಸ್ಟರ್," ಎಂದ ಅವನು, ಜೇಬಿನೊಳಗೆ ಓಲೆಗಳನ್ನು ಬಿಗಿಯಾಗಿ ಹಿಡಿದುಕೊಂಡು.