ಒಣಗಿದ ದಾಸವಾಳಕ್ಕೆ ಗುದ್ದಲಿ ಹಾಕುವ ಮುನ್ನ

ಆ ಬೇಸಿಗೆಯಲ್ಲಿ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಕುಡಿಯುವುದಕ್ಕೆ, ಅಡುಗೆಗೆ ಹಿಡಿದಿಡುವಷ್ಟರಲ್ಲಿ ಅದೂ ನಿಂತುಹೋಗುತ್ತಿತ್ತು. ಟೈಲರಮ್ಮನ ಅಂಗಳದ ದಾಸವಾಳ, ದಾಳಿಂಬೆ, ಕಾಗದದ ಹೂವಿನ ಬಳ್ಳಿ, ಗುಲಾಬಿ ಎಲ್ಲವೂ ಎಲೆ ಉದುರಿಸಿ ಕಡ್ಡಿಯಾಗಿ ನಿಂತವು. ಎಲ್ಲ ಅವಳ ಅತ್ತೆ ನೆಟ್ಟವು. ಮಂಡಿನೋವಿದ್ದರೂ ಗಿಡ ನೋಡುವ ನೆಪದಲ್ಲಿ ಅವರು ದಿನಾ ಅಂಗಳದಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದರು. ಈಗ ಹೊರಗೆ ಬರುವುದನ್ನೇ ಬಿಟ್ಟಿದ್ದರು.

ಸತ್ತ ಗಿಡ ಇಟ್ಟುಕೊಂಡು ಪ್ರಯೋಜನವೇನು? ಕಿತ್ತು ಸಿಮೆಂಟ್ ಹಾಕಿಸಿದರೆ ಬಟ್ಟೆ ಹೊಲಿಸಲು ಬಂದವರು ಕೂರುವುದಕ್ಕಾದರೂ ಆದೀತು ಎಂದುಕೊಂಡ ಟೈಲರಮ್ಮ, ಸೋಮವಾರ ಬಾ ಎಂದು ಮೇಸ್ತ್ರಿಗೆ ಹೇಳಿಬಿಟ್ಟಳು.

ಭಾನುವಾರ ನಾದಿನಿ ಬಂದಳು. ಗಿಡಗಳ ನರ್ಸರಿಯಲ್ಲಿ ಹನ್ನೆರಡು ವರ್ಷ ದುಡಿದವಳು. ವಿಷಯ ಕೇಳಿ ಸೀದಾ ದಾಸವಾಳದ ಬಳಿ ಕೂತು, ಕಾಂಡದ ತೊಗಟೆಯನ್ನು ಉಗುರಿನಿಂದ ಚೂರೇ ಕೆರೆದಳು.

"ಅತ್ತಿಗೆ, ಇಲ್ಲಿ ನೋಡಿ. ಒಳಗೆ ಹಸಿರಿದೆ. ಇದು ಸತ್ತಿಲ್ಲ."

"ಒಂದು ಎಲೆನೂ ಇಲ್ವಲ್ಲೇ. ನಂಬೋದು ಹೇಗೆ?"

"ನೀರು ಉಳಿಸಿಕೊಳ್ಳೋಕೇ ಎಲೆ ಉದುರಿಸಿರೋದು. ಬೇರು ಜೀವ ಹಿಡಿದಿದ್ರೆ, ಮಳೆ ಬಿದ್ದ ಮೇಲೆ ಚಿಗುರತ್ತೆ."

ದಾಳಿಂಬೆಯಲ್ಲೂ ಬಳ್ಳಿಯಲ್ಲೂ ಹಸಿರು ಕಂಡಿತು. ಗುಲಾಬಿ ಮಾತ್ರ ಪಟ್ಟನೆ ಮುರಿಯಿತು. ಬುಡದವರೆಗೆ ಕೆರೆದರೂ ಕಂದುಬಣ್ಣವೇ. ಇದು ಹೋಯಿತು ಎಂದು ನಾದಿನಿ ಒಪ್ಪಿಕೊಂಡಳು. ಹೋದದ್ದನ್ನು ಹೋಯಿತೆಂದಳಲ್ಲ, ಆಗಲೇ ಟೈಲರಮ್ಮನಿಗೆ ಉಳಿದದ್ದರ ಮೇಲೆ ನಂಬಿಕೆ ಬಂದದ್ದು.

ಮರುದಿನ ಬಂದ ಮೇಸ್ತ್ರಿಗೆ ಟೀ ಕೊಟ್ಟು ವಾಪಸ್ ಕಳಿಸಿದಳು. ನಾದಿನಿ ಹೇಳಿಕೊಟ್ಟಂತೆ ಬುಡದ ಸುತ್ತ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿದಳು, ಕಾಂಡಕ್ಕೆ ತಾಗದಂತೆ. ತರಕಾರಿ ತೊಳೆದ ನೀರನ್ನು ಸಂಜೆ ಬೇರಿಗೆ ಸುರಿದಳು. ಗೊಬ್ಬರ ಹಾಕಲಿಲ್ಲ, ಕತ್ತರಿ ಮುಟ್ಟಿಸಲಿಲ್ಲ. ನೋಡಿದವರು ಕಡ್ಡಿಗೆ ಸೇವೆ ಮಾಡುತ್ತಾಳೆ ಎಂದು ನಕ್ಕರು.

ಆರನೇ ವಾರ ಮಳೆ ಬಂತು. ಎಂಟು ದಿನದಲ್ಲಿ ದಾಸವಾಳ ಚಿಗುರಿತು. ಬಳ್ಳಿಯ ಒಂದು ಕವಲು ಮಾತ್ರ ಚಿಗುರಲೇ ಇಲ್ಲ, ಅದನ್ನಷ್ಟೇ ಕತ್ತರಿಸಿದಳು. ದಾಳಿಂಬೆ ಮೂರು ವಾರ ಸತಾಯಿಸಿತು. ಒಂದು ಬೆಳಗ್ಗೆ ಅಂಗಳದಿಂದ ಅತ್ತೆಯ ದನಿ ಕೇಳಿಸಿತು.

"ಮಿಷನ್ ನಿಲ್ಲಿಸಿ ಬಾರಮ್ಮ. ದಾಳಿಂಬೆನೂ ಕಣ್ಣು ಬಿಟ್ಟಿದೆ."

ನಿಮ್ಮ ಮನೆ ಮುಂದೆಯೂ ಒಣಗಿದ ಗಿಡವಿದೆಯೇ? ಕೀಳುವ ಮೊದಲು ತೊಗಟೆ ಕೆರೆದು ನೋಡಿ. ಹಸಿರು ಕಂಡರೆ ಬುಡಕ್ಕೆ ತರಗೆಲೆ ಹೊದಿಸಿ, ಮಳೆ ಬಂದು ಒಂದು ತಿಂಗಳಾದರೂ ಕಾಯಿರಿ. ಹೊಸದು ನೆಡುವುದಾದರೆ ಬಿಸಿಲು ತಾಳುವ ಗಿಡವನ್ನೇ ಕೇಳಿ ತನ್ನಿ. ಪಕ್ಕದ ಮನೆಯವರಿಗೂ ಇಂದೇ ಹೇಳಿ. ಅವರು ಗುದ್ದಲಿ ಹುಡುಕುತ್ತಿರಬಹುದು.