ಸರ್ಕಾರಿ ಮೂಗು

ಆಹಾರ ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಯಂತ್ರಗಳೇನೋ ಇದ್ದವು, ನಡೆಯುತ್ತಿರಲಿಲ್ಲ ಅಷ್ಟೆ. ಎಣ್ಣೆ ಕೆಟ್ಟಿದೆಯೇ ಎಂದು ಹೇಳಬೇಕಾದ ಯಂತ್ರ ತಾನೇ ಕೆಟ್ಟು ಕೂತು ಎಷ್ಟು ಕಾಲವಾಯಿತೋ. ಅದರ ತಲೆಯ ಮೇಲೆ ಈಗ ಹಳೆಯ ಫೈಲುಗಳ ಕಟ್ಟು. ಹೊಸದಕ್ಕೆ ಹಣ ಕೇಳಿ ಬರೆದಾಗಲೆಲ್ಲ ಮೇಲಿನಿಂದ ಬರುತ್ತಿದ್ದ ಉತ್ತರ ಒಂದೇ: ನಿಮ್ಮಲ್ಲಿ ಮೂಗಿನಮ್ಮ ಇದ್ದಾರಲ್ಲ.

ಆಕೆಗೆ ಆ ಹೆಸರು ಇಟ್ಟವರು ಯಾರೋ, ಅದೇ ನಿಂತುಬಿಟ್ಟಿತ್ತು. ಶಾಲೆ, ಹಾಸ್ಟೆಲುಗಳ ಅಡುಗೆಮನೆಯಿಂದ ಬಂದ ಎಣ್ಣೆ ಬಾಟಲಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಕಮಟು ಹತ್ತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಹಿಂದೆ ಆ ಕೋಣೆಯ ತುಂಬ ಪರೀಕ್ಷಕರಿದ್ದರು. ಒಬ್ಬೊಬ್ಬರೇ ನಿವೃತ್ತರಾದರು, ಹೋದವರ ಹುದ್ದೆಯೂ ಅವರ ಜೊತೆಗೇ ಹೋಯಿತು. ಊರಿನ ಹೊಟ್ಟೆ ಕಾಯುವುದಕ್ಕೆ ದುಡ್ಡು ಬಿಚ್ಚಲು ಮೇಲಿನವರಿಗೆ ಕೈ ಬರುವುದಿಲ್ಲ. ಯಾರೂ ಕಾಯಿಲೆ ಬೀಳದಿದ್ದರೆ ಆ ದುಡ್ಡಿಗೆ ಏನು ಬಂತೆಂದು ತೋರಿಸುವುದಕ್ಕೆ ಏನೂ ಇರುವುದಿಲ್ಲವಲ್ಲ. ಈಗ ಉಳಿದದ್ದು ಖಾಲಿ ಮೇಜುಗಳ ನಡುವೆ ಆಕೆ, ಬಾಟಲಿ ತರುವ ಡ್ರೈವರ್, ಪಕ್ಕದ ಕೋಣೆಯಲ್ಲಿ ಸಾಹೇಬರು.

ಮನೆಯಲ್ಲಿ ಅಷ್ಟೂ ಇಲ್ಲ. ಗಂಡ ತೀರಿಕೊಂಡ ಮೇಲೆ ಊಟಕ್ಕೆ ಕೂತಾಗ ಮಾತು ಬೇಕೆನಿಸಿದರೆ ರೇಡಿಯೋ ಹಾಕುತ್ತಿದ್ದಳು. ಅವನ ಒಂದು ಮಫ್ಲರನ್ನು ಒಗೆಯದೆ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು. ಹೋದ ತಿಂಗಳು ಜ್ವರ ಬಿಟ್ಟೆದ್ದ ಬೆಳಿಗ್ಗೆ ಅದನ್ನು ಮುಖಕ್ಕೆ ಒತ್ತಿಕೊಂಡಳು. ಬಟ್ಟೆ ಇತ್ತು, ಅವನಿರಲಿಲ್ಲ. ಒಲೆಯ ಮೇಲಿಟ್ಟ ಹಾಲು ತಳ ಹಿಡಿದು ಸೀದುಹೋದದ್ದೂ ಹೊಗೆ ಕಣ್ಣಿಗೆ ಹತ್ತಿದ ಮೇಲೆಯೇ ಗೊತ್ತಾಯಿತು. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು.

ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ 'ಊಟ ಆಯ್ತಾ' ಎಂದು ಕೇಳುವ ಇಬ್ಬರೂ ಹೋಗುತ್ತಾರೆ. ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾಯುತ್ತ, ಬಂದ ಬಾಟಲಿಗಳನ್ನೆಲ್ಲ ಮೂಗಿಗೆ ಹಿಡಿದು, ಬಣ್ಣ ನೋಡಿ, ಅಂದಾಜಿನ ಮೇಲೆ ರುಜು ಹಾಕಿದಳು. ಆ ಎಣ್ಣೆ ಮಕ್ಕಳ ಹೊಟ್ಟೆಗೆ ಹೋಗುತ್ತದೆಂದು ಗೊತ್ತಿತ್ತು. ಆದರೂ ಹಾಕಿದಳು.

ಆವತ್ತು ಡ್ರೈವರ್ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟ. ಆಕೆ ಎಂದಿನಂತೆ ಮುಚ್ಚಳ ತೆಗೆದು ಮೂಸಿದಳು. "ಸರಿಯಾಗಿದೆ," ಎಂದಳು.

ಅವನು ಹೋಗದೆ ನಿಂತ. "ಕಮಟು ಇಲ್ವಾ ಅಮ್ಮ?"

"ಯಾಕಪ್ಪ?"

"ಏನಿಲ್ಲ, ಮುಚ್ಚಳ ಸಡಿಲ ಇತ್ತು. ದಾರೀಲೆಲ್ಲ ವಾಸನೆಗೆ ತಲೆ ತಿರುಗಿದ ಹಾಗಾಯ್ತು. ನೀವೇ ಸರಿ ಅಂದ್ಮೇಲೆ ಮುಗೀತು ಬಿಡಿ, ನನ್ನ ಮೂಗೇ ಕೆಟ್ಟಿರಬೇಕು. ನನ್ನ ಮಗಳೂ ಆ ಶಾಲೇಲೇ ಊಟ ಮಾಡೋದು. ನೀವು ನೋಡ್ತೀರಲ್ಲ ಅಂತ ಮನೇಲಿ ನಾವು ನಿಶ್ಚಿಂತೆಯಾಗಿದೀವಿ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಒಂದಿಷ್ಟು ಕೊಂಕಿದ್ದಿದ್ದರೆ ಆಕೆ ತಪ್ಪಿಸಿಕೊಂಡುಬಿಡುತ್ತಿದ್ದಳೇನೋ. ಅವನು ಬಾಗಿಲು ದಾಟುವಷ್ಟರಲ್ಲಿ ಕರೆದಳು.

"ನಿಲ್ಲಪ್ಪ. ನಿನ್ನ ಮೂಗು ಸರಿಯಾಗೇ ಇದೆ. ನನ್ನದು ಹೋಗಿ ತಿಂಗಳಾಯ್ತು."

"ಹಾಗಾದ್ರೆ ಈ ತಿಂಗಳು ನೀವು ನೋಡಿದ್ದೆಲ್ಲ?"

"ಎಲ್ಲ ಅಂದಾಜು," ಎಂದಳು. ಅವನು ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಬೈಯಲಿಲ್ಲ, ಶಾಲೆಗೆ ಫೋನು ಮಾಡಲು ಹೊರಗೆ ಓಡಿದ.

ಮೂಗು ಹೋದದ್ದನ್ನು ಒಪ್ಪಿಕೊಂಡು ಆಕೆ ಬರೆದು ತಂದ ಕಾಗದವನ್ನು ಸಾಹೇಬರು ಓದಿ ಅವಳ ಕಡೆಗೇ ತಳ್ಳಿದರು. "ಇದನ್ನ ಕೊಡಬೇಡಿ ಮೇಡಂ. ರಜ ಹಾಕಿ, ವಾಸಿಯಾಗುತ್ತೆ. ಇದು ಮೇಲೆ ಹೋದ್ರೆ ಅವರು ಯಂತ್ರ ಕೊಡಲ್ಲ, ಬೀಗ ಕೊಡ್ತಾರೆ. ಇಷ್ಟು ದಿನ ನಿಮ್ಮನ್ನ ತೋರಿಸಿಯೇ ನಾನು ಈ ಕಚೇರಿ ಉಳಿಸಿದ್ದು."

"ನನ್ನನ್ನ ತೋರಿಸಿಯೇ ಅವರು ಯಂತ್ರದ ದುಡ್ಡು ಉಳಿಸಿದ್ದು ಸರ್," ಎಂದಳು. ಕಾಗದವನ್ನು ಮತ್ತೆ ಅವರ ಮುಂದಿಟ್ಟಳು.

ಸಾಹೇಬರು ಕೆಟ್ಟವರಲ್ಲ. ನಿಟ್ಟುಸಿರು ಬಿಟ್ಟು ಮೇಲಿನವರಿಗೆ ತಿಳಿಸಿದರು. ಸಂಜೆಯೊಳಗೆ ಆಜ್ಞೆ ಬಂದೇಬಿಟ್ಟಿತು: ನಾಳೆಯಿಂದ ಬಾಟಲಿ ತರಿಸುವುದು ಬೇಡ, ಪ್ರಯೋಗಾಲಯ ಮುಚ್ಚಿ. ಹಣ ಕೊಡಲು ವರ್ಷಗಟ್ಟಲೆ ಮೀನಮೇಷ ಎಣಿಸಿದ ಮಹಾನುಭಾವರಿಗೆ ಬೀಗ ಹಾಕಿಸಲು ಒಂದು ಮಧ್ಯಾಹ್ನ ಧಾರಾಳವಾಯಿತು.

ಆಕೆ ಆ ಹೊತ್ತಿಗೆ ತಾನು ರುಜು ಹಾಕಿದ ಅಡುಗೆಮನೆಗಳಿಗೆಲ್ಲ ಫೋನು ಮಾಡುತ್ತ ಕೂತಿದ್ದಳು. ಕೆಲವರು ರೇಗಿದರು, ಕೆಲವರು ಪೂರ್ತಿ ಕೇಳದೆ ಇಟ್ಟರು. ಕೊನೆಗೆ ಉಳಿದದ್ದು ಒಂದು ಹಾಸ್ಟೆಲು. ಅಡುಗೆಯಾಕೆಯೇ ಫೋನು ಎತ್ತಿದಳು.

"ಆ ಎಣ್ಣೆ ಬಳಸಬೇಡಿ. ಸರಿಯಿದೆ ಅಂತ ನಾನು ಬರೆದದ್ದು ತಪ್ಪು."

"ಆಯ್ತಮ್ಮ, ತೆಗೆದಿಡ್ತೀನಿ. ಹೊಸ ಡಬ್ಬಿ ಬಂದ್ರೆ ನೀವು ನೋಡ್ತೀರಲ್ಲ?"

"ಇಲ್ಲ. ಇಲ್ಲಿ ಇನ್ನು ಯಾರೂ ಇರಲ್ಲ. ನಿಮಗೆ ವಾಸನೆ ಗೊತ್ತಾಗುತ್ತಾ?"

"ಅಡುಗೆಯವಳಿಗೆ ಗೊತ್ತಾಗದೆ ಇರುತ್ತಾ?"

"ಹಾಗಾದ್ರೆ ಇನ್ಮೇಲೆ ನೀವೇ ನೋಡ್ಕೋಬೇಕು."

"ನೋಡ್ಕೋಬಹುದಮ್ಮ. ಆದ್ರೆ ಕೆಟ್ಟಿದೆ ಅಂತ ನಾನಂದ್ರೆ ಡಬ್ಬಿ ವಾಪಸ್ ತಗೋತಾರಾ?"

ತೆಗೆದುಕೊಳ್ಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಫೋನು ಇಟ್ಟರೆ ಕೆಲಸ ಮುಗಿದಂತೆ, ಎದ್ದು ಮನೆಗೆ ಹೋಗಬೇಕು. ಆಕೆಗೆ ಇಡಲು ಮನಸ್ಸು ಬರಲಿಲ್ಲ.

"ಈಗ ನಿಮ್ಮ ಅಡುಗೆಮನೇಲಿ ಏನೇನು ವಾಸನೆ ಬರ್ತಿದೆ, ಹೇಳಿ," ಎಂದಳು.

ಇದೂ ಪರೀಕ್ಷೆಯೇ ಇರಬೇಕೆಂದು ಅಡುಗೆಯಾಕೆ ಜೋರಾಗಿ ಉಸಿರೆಳೆದುಕೊಂಡದ್ದು ಕೇಳಿಸಿತು. "ಅನ್ನ ಬೇಯ್ತಿದೆ. ಈರುಳ್ಳಿ ಕೆಂಪಗಾಗ್ತಿದೆ. ಮೂಲೇಲಿ ಒದ್ದೆ ಗೋಣಿಚೀಲ. ಮಕ್ಕಳು ಆಟ ಆಡಿ ಬಂದು ಇಲ್ಲೇ ಮುತ್ತಿಕೊಂಡಿದಾರೆ, ಬೆವರು. ಯಾವನೋ ಕಿತ್ತಳೆ ಸುಲಿದಿದಾನೆ." ಆಮೇಲೆ ಭಯಭಕ್ತಿಯಿಂದ ಕೇಳಿದಳು: "ಎಲ್ಲಾ ಬರ್ಕೊಂಡ್ರಾ ಅಮ್ಮ?"

"ಬರ್ಕೋತಿದೀನಿ, ನಿಧಾನವಾಗಿ ಇನ್ನೊಂದ್ಸಲ ಹೇಳಿ," ಎಂದಳು ಮೂಗಿನಮ್ಮ. ಆಕೆಯ ಕೈಯಲ್ಲಿ ಪೆನ್ನಿರಲಿಲ್ಲ.